ಬಿಸಿ ಬಿಸಿ ಛತ್ರಿ

“ಬಾಯಾರ, ನನ್ನ ಮಾರಿ ನೋಡಿ ಹೇಳ್ರಿ. ನಾ ಮನಶ್ಯಾರ್ನ ತಿನ್ನಾಂವ ಇದ್ದಂಗ ಕಾಣ್ತೀನೇನು?”

ನಿವೃತ್ತ ಸುಬೇದಾರ ಗುರುಸಿದ್ದಪ್ಪನವರು ಹೊಚ್ಚ ಹೊಸ ಪುಸ್ತಕವನ್ನು ನೀಲಗಂಗಾಳ ಮೇಜಿನ ಮೇಲೆ ಬಡಿದರು. ಮೀಸೆ ನಡುಗುತ್ತಿತ್ತು. ಅವರ ಹಿಂದೆ ‘ಅಕ್ಷರಸೇವಾ’ ಕಚೇರಿಯ ಯಜಮಾನರಾದ ವೆಂಕಣ್ಣ ದೇಸಾಯರು ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು. ಧಾರವಾಡದಲ್ಲಿ ಕಾದಂಬರಿ ಬರೆದವರು, ಆತ್ಮಕಥೆ ಬರೆದವರು, ಸೊಸೆಗೆಂದು ಅಡುಗೆ ಪುಸ್ತಕ ಬರೆದವರು, ಎಲ್ಲರೂ ಅಚ್ಚಿಗೆ ಹೋಗುವ ಮುಂಚೆ ಕರಡು ನೋಡಿಸಲು ಬರುತ್ತಿದ್ದುದು ಅಲ್ಲಿಗೇ.

“ಅರವತ್ತೇಳನೇ ಪುಟ ತಗೀರಿ, ನೀಲಗಂಗಾ ಬಾಯಾರ,” ಎಂದರು ದೇಸಾಯರು, ಮೆಲ್ಲಗೆ.

ನೀಲಗಂಗಾ ಓದಿದಳು. ‘ಹಿಮ ಬೀಳುವುದು ನಿಂತ ಮೇಲೆ ಮೇಜರ್ ಸಾಹೇಬರನ್ನು ಬೇಯಿಸಿಕೊಂಡು ಎಲ್ಲರೂ ಹಂಚಿ ಉಂಡೆವು.’ ಇನ್ನೊಮ್ಮೆ ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಓದಿದಳು.

“ಏನ್ ತಪ್ಪೈತ್ರಿ ಇದರಾಗ? ಸಾಹೇಬ್ರು ಅಕ್ಕಿ ಕಳಿಸ್ಯಾರ, ನೀವು ಬೇಯ್ಸೀರಿ, ಉಂಡೀರಿ.”

“ಅಕ್ಕಿ ಎಲ್ಲೈತ್ರಿ?” ಸುಬೇದಾರರು ಕೂಗಿದರು. “ಅಕ್ಕಿ ತೋರಸ್ರಿ ನನಗ!”

ಅವಳು ಬೆರಳಿಟ್ಟು ಒಂದೊಂದೇ ಪದ ಹುಡುಕಿದಳು. ಅಕ್ಕಿ ಇರಲಿಲ್ಲ. ಟೈಪು ಮಾಡುವಾಗ ‘ಕಳಿಸಿದ ಅಕ್ಕಿ’ ಎಂಬುದು ಜಾರಿ, ಸಾಹೇಬರೇ ಪಾತ್ರೆಗೆ ಬಿದ್ದಿದ್ದರು. ಆದರೆ ಈಗಷ್ಟೇ ಅವಳು ಆ ಸಾಲಿನಲ್ಲಿ ಅಕ್ಕಿಯನ್ನು ಕಂಡಿದ್ದಳಲ್ಲ! ಕಂಡಿದ್ದಳೋ, ಕಂಡಂತೆ ಅನಿಸಿತ್ತೋ?

“ಮೇಜರ್ ಸಾಹೇಬ್ರ ಹೆಂಡ್ತಿ ಇನ್ನೂ ಬದುಕ್ಯಾರ್ರಿ,” ಎಂದರು ಸುಬೇದಾರರು, ಕುರ್ಚಿಯಲ್ಲಿ ಕುಸಿಯುತ್ತ. “ಮೊದಲನೇ ಪ್ರತಿ ಅವರಿಗೇ ಕಳಿಸೀನಿ.”

ಇಂಥದು ನಡೆಯಬಾರದೆಂದೇ ಎಡವುಪಟ್ಟಿ ಬಂದದ್ದು. ಯಂತ್ರಗಳೇ ಪುಸ್ತಕ ತಿದ್ದುವ ಕಾಲವೊಂದು ಬಂದು ಹೋಗಿತ್ತು. ಆಗ ತಪ್ಪೇನೋ ಉಳಿಯುತ್ತಿರಲಿಲ್ಲ, ಬರೆದವರೂ ಉಳಿಯುತ್ತಿರಲಿಲ್ಲ. ಮುಧೋಳದ ಅಜ್ಜಿ ಬರೆದದ್ದೂ ಮಂಗಳೂರಿನ ವಕೀಲರು ಬರೆದದ್ದೂ ಒಬ್ಬನೇ ಬರೆದಂತೆ ನುಣ್ಣಗಾಗಿ ಬರುತ್ತಿತ್ತು. ಲೇಖಕರು ಬೇಸತ್ತು, ನಮ್ಮನ್ನು ಮನುಷ್ಯರೇ ಓದಲಿ ಎಂದು ಹಟ ಹಿಡಿದರು. ಓದುವವರು ಸಿಕ್ಕರು, ಆದರೆ ಮನುಷ್ಯರ ಕಣ್ಣು ದಣಿಯುತ್ತದೆ. ಅದಕ್ಕೆ ಪರಿಹಾರವೆಂದು ಹಣೆಗೆ ಕಟ್ಟುವ ಈ ತೆಳುವಾದ ಪಟ್ಟಿ ಬಂತು.

ನಾವು ಓದುವಾಗ ತಲೆ ಸುಮ್ಮನೆ ಕಣ್ಣಿನ ಹಿಂದೆ ಬರುವುದಿಲ್ಲ, ತುಸು ಮುಂದೆಯೇ ಓಡುತ್ತಿರುತ್ತದೆ. ‘ಒಲೆಯ ಮೇಲೆ ಹಾಲು’ ಎಂದು ಓದುವಷ್ಟರಲ್ಲಿ ‘ಉಕ್ಕಿತು’ ಎಂಬುದನ್ನು ಸಿದ್ಧ ಮಾಡಿಟ್ಟುಕೊಂಡಿರುತ್ತದೆ. ಅಲ್ಲಿ ‘ಹಾರಿತು’ ಎಂದಿದ್ದರೆ ಒಳಗೆ ಒಂದು ಸಣ್ಣ ಅಲೆ ಏಳುತ್ತದೆ. ಓದುವವರಿಗೇ ಇನ್ನೂ ತಿಳಿದಿರುವುದಿಲ್ಲ, ತಲೆ ಆಗಲೇ ಎಡವಿರುತ್ತದೆ. ಪಟ್ಟಿ ಆ ಅಲೆಯನ್ನು ಹಿಡಿದು, ಪರದೆಯ ಅಂಚಿನಲ್ಲಿ ಆ ಸಾಲಿನ ಪಕ್ಕ ಕೆಂಪು ಚುಕ್ಕೆ ಇಡುತ್ತದೆ. ಅಷ್ಟೇ. ತಿದ್ದುವುದು ಮಾತ್ರ ಲೇಖಕರದೇ ಕೆಲಸ.

ಆ ಕಚೇರಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಎಡವುತ್ತಿದ್ದವಳು ನೀಲಗಂಗಾ. ಊರಿನ ಲೇಖಕರು “ನನ್ನ ಪುಸ್ತಕಕ್ಕ ನೀಲಗಂಗಾ ಬಾಯಾರ ತಲಿನs ಬೇಕು” ಎಂದು ಸರದಿ ಕಾಯುತ್ತಿದ್ದರು. ಅಂಥ ತಲೆ ಈಗ ಮೇಜರ್ ಸಾಹೇಬರನ್ನು ಬೇಯಿಸಿ ಉಂಡು, ತೇಗಿ, ಒಂದು ಚುಕ್ಕೆಯನ್ನೂ ಇಡದೆ ಮುಂದೆ ಹೋಗಿತ್ತು.

ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯ ಫಕೀರವ್ವ ನೀಲಗಂಗಾಳ ಗಂಡ ಮಡಿವಾಳಪ್ಪನವರ ಜೊತೆ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನೀಲಗಂಗಾ ಕೆಲಸಕ್ಕೆ ಹೋದಾಗ ಅವರನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಮಡಿವಾಳಪ್ಪನವರು ಹೆಂಡತಿಯನ್ನು ಕಂಡು ನಕ್ಕು, ಏನೋ ಅಂದರು.

“ತಡೀರಿ, ಕಾಲ್ಮಾರಿ ತೊಳಕೊಂಡು ಚಹಾ ಇಡತೀನಿ,” ಎಂದಳು ನೀಲಗಂಗಾ.

ಫಕೀರವ್ವ ಕಾಯಿ ಸುಲಿಯುವುದು ಬಿಟ್ಟು ನಗತೊಡಗಿದಳು. “ಅಲ್ಲs ಯಕ್ಕಾ, ಅವರು ‘ಬಿಸಿ ಬಿಸಿ ಛತ್ರಿ ಮಾಡು’ ಅಂದ್ರು. ನೀ ಅದನ್ನ ಚಹಾ ಅಂತ ಹೆಂಗ ತಿಳಕೊಂತಿ?”

“ಛತ್ರಿ ಅಂದ್ರ?” ನೀಲಗಂಗಾ ಗಂಡನ ಕಡೆ ನೋಡಿದಳು. “ಚಹಾನs ಅಂದ್ರಲ್ಲ.”

“ಇಲ್ಲವಾ! ನಿನ್ನಿ ನನಗ ‘ಬೀಗರು ಬಂದಾರ’ ಅಂದ್ರು. ನಾ ಸೀರಿ ನೆಟ್ಟಗ ಮಾಡಿಕೊಂಡು ಬಾಗಲಾ ತಗದೆ. ಯಾರೂ ಇಲ್ಲ! ಆಮ್ಯಾಲೆ ನೀ ಬಂದು ಹೇಳಿದಿ, ತಲಿನೋವು ಬಂದೈತಿ ಅಂತ.”

ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಕೈಕಾಲು ಸರಿಹೋದವು, ಮಾತು ಮಾತ್ರ ಜಾಗ ಬದಲಿಸಿತು. ಪದಗಳೆಲ್ಲ ಇದ್ದವು, ಆದರೆ ಒಂದರ ಮನೆಯಲ್ಲಿ ಇನ್ನೊಂದು ಹೊಕ್ಕು ಕೂತಿತ್ತು. ಚಹಾ ಛತ್ರಿಯಾಗಿತ್ತು, ತಲೆನೋವು ಬೀಗರಾಗಿತ್ತು, ಅವಳ ಕಚೇರಿ ಬಾವಿಯಾಗಿತ್ತು. ಮೊದಮೊದಲು ನೀಲಗಂಗಾ ಅತ್ತಳು, ಸಿಟ್ಟು ಮಾಡಿದಳು, ಚಿತ್ರ ಬರೆದು ತೋರಿಸಿದಳು. ಆಮೇಲೆ ಯಾವಾಗಲೋ ತೊಂದರೆ ನಿಂತುಹೋಯಿತು. ಅವರು ಸರಿಹೋದರು ಎಂದೇ ಅವಳು ಅಂದುಕೊಂಡಿದ್ದಳು.

“ಖರೇನ ಛತ್ರಿ ಅಂದ್ರೇನ್ರೀ?” ಎಂದು ಅವಳು ಗಂಡನನ್ನೇ ಕೇಳಿದಳು.

ಅವರು ತಲೆಯಾಡಿಸಿ ಏನೋ ಹೇಳಿದರು. ಅವಳಿಗೆ ಕೇಳಿಸಿದ್ದು, ‘ಚಹಾ ಅಂದೆ, ಚಹಾ.’ ಫಕೀರವ್ವ ಮಾತ್ರ ಮತ್ತೆ ನಕ್ಕಳು. ಇವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನೀಲಗಂಗಾ ಆ ಮಾತನ್ನು ಅಲ್ಲೇ ಮರೆತಳು.

ಎಡವುಪಟ್ಟಿಯ ಪ್ರಯೋಗಶಾಲೆ ಕಚೇರಿಯ ಮಾಳಿಗೆಯ ಮೇಲೇ ಇತ್ತು. ಅಲ್ಲಿದ್ದ ಡಾಕ್ಟರ್ ತಬಸ್ಸುಮ್ ಮುಲ್ಲಾ ನೀಲಗಂಗಾಳಿಗಿಂತ ಬಹಳ ಚಿಕ್ಕವಳು. ಮೊದಲಿನಿಂದ ಅವಳನ್ನು ‘ಅಕ್ಕಾ’ ಎಂದೇ ಕರೆದವಳು.

“ನೋಡಕ್ಕಾ,” ಎಂದು ಪರದೆ ತಿರುಗಿಸಿದಳು. “ಇದು ಮೂರು ವರ್ಷದ ಹಿಂದಿನ ನಿನ್ನ ಅಲಿ. ಸೂಜಿ ಇದ್ದಂಗ ಐತಿ. ಇದು ಈಗಿಂದು. ಸೂಜಿನs ಇಲ್ಲ. ಅದರ ಬದಲಿ ಇಲ್ಲೊಂದು ಉದ್ದಕ, ಮೆತ್ತಗ, ಗುಡ್ಡ ಇದ್ದಂಗ ಬಂದೈತಿ.”

“ಅದೇನದು?”

“ಖರೇ ಹೇಳಲ್ಯಾ? ನನಗೂ ಗೊತ್ತಿಲ್ಲ. ಸವದೈತಿ ಅಂತ ಕಾಣಸ್ತೈತಿ. ನೀ ಎರಡು ವರ್ಷದಿಂದ ಸಾಣಿಗೆ ಬಂದಿಲ್ಲಲ್ಲ.”

ಪಟ್ಟಿ ಕಟ್ಟುವವರೆಲ್ಲ ವರ್ಷಕ್ಕೊಮ್ಮೆ ಸಾಣೆಗೆ ಕೂರಬೇಕಿತ್ತು. ತಪ್ಪಿಲ್ಲದ ಬರಹವನ್ನು ಓದುತ್ತ ಕೂತರೆ ತಲೆಗವಸಿನಿಂದ ನವಿರಾದ ವಿದ್ಯುತ್ತು ಹರಿಯುತ್ತದೆ. ಸಡಿಲವಾದ ಊಹೆಗಳು ಮತ್ತೆ ಬಿಗಿಯಾಗುತ್ತವೆ. ಕುಡಗೋಲಿಗೆ ಸಾಣೆ ಹಿಡಿದಂತೆಯೇ. ಗಂಡ ಹಾಸಿಗೆ ಹಿಡಿದಾಗ ನೀಲಗಂಗಾ ಅದನ್ನು ಮುಂದೂಡಿದ್ದಳು, ಮುಂದಿನ ವರ್ಷ ಮರೆತೇ ಬಿಟ್ಟಿದ್ದಳು.

“ನೋವಾಗತೈತೇನ?”

“ಏನೂ ಇಲ್ಲ. ಒಂದು ವಾರ ಕೂತೇಳು. ಮತ್ತ ಮೊದಲಿನ ನೀಲಗಂಗಾ ಆಗತಿ.”

ಆ ವಾರ ಮುಗಿಯಿತು. ಹೊಸ ಕರಡು ಮುಂದಿಟ್ಟುಕೊಂಡಳು. ಕೆಂಪು ಚುಕ್ಕೆಗಳು ಮೊದಲ ಮಳೆಯ ಹನಿಗಳಂತೆ ಪಟಪಟನೆ ಬಿದ್ದವು. ಒಂದು ಕಾದಂಬರಿಯಲ್ಲಿ ಮೂರನೇ ಅಧ್ಯಾಯದಲ್ಲಿ ಸತ್ತ ಸೋದರಮಾವ ಒಂಬತ್ತನೆಯದರಲ್ಲಿ ಮದುವೆಗೆ ಬಂದಿದ್ದ. ಚುಕ್ಕೆ ಬಿತ್ತು. ಒಂದು ಅಡುಗೆ ಪುಸ್ತಕದಲ್ಲಿ ಹುಗ್ಗಿಗೆ ಬೆಲ್ಲ ಹಾಕುವುದೇ ಮರೆತುಹೋಗಿತ್ತು. ಚುಕ್ಕೆ ಬಿತ್ತು. ದೇಸಾಯರು ಪೇಢೆ ತಂದು ಎಲ್ಲರಿಗೂ ಹಂಚಿದರು.

“ನಮ್ಮ ಬಾಯಾರು ತಿರಗಿ ಬಂದ್ರು ನೋಡ್ರಿ! ಸುಬೇದಾರರ ಪುಸ್ತಕದ ಎರಡನೇ ಅಚ್ಚು ನೀವs ನೋಡಬೇಕು. ಈ ಸಲ ಮೇಜರ್ ಸಾಹೇಬರು ಜೀವಂತ ಇರಲಿ.”

ಪೇಢೆಯ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ಮಡಿವಾಳಪ್ಪನವರು ಬಾಗಿಲಲ್ಲೇ ನಿಂತಿದ್ದರು.

“ಬಾವ್ಯಾಗಿಂದ ಬಂದ್ಯಾ? ಛತ್ರಿ ಮಾಡು.”

ನೀಲಗಂಗಾ ಹೊಸ್ತಿಲಲ್ಲೇ ನಿಂತಳು. ಬಾವಿಯಿಂದ? ಯಾವ ಬಾವಿ? ಆಕಾಶ ನೋಡಿದಳು, ಮೋಡವಿರಲಿಲ್ಲ. “ಛತ್ರಿ ಯಾಕ್ರೀ? ಮಳಿ ಎಲ್ಲೈತಿ?”

ಅವರ ಮುಖ ಸಣ್ಣದಾಯಿತು. ಇನ್ನೊಮ್ಮೆ ಹೇಳಿದರು. ಅವಳು ಒಳಗೆ ಹೋಗಿ ನಿಜವಾಗಿ ಛತ್ರಿಯನ್ನೇ ತಂದು ಕೈಗೆ ಕೊಟ್ಟಳು. ಅವರು ಅದನ್ನು ಹಿಡಿದುಕೊಂಡು, ತೆರೆಯದೆ, ಬಹಳ ಹೊತ್ತು ಕೂತರು.

ಆ ದಿನದಿಂದ ಮನೆಯಲ್ಲಿ ಗೊಂದಲವೇ ಗೊಂದಲ. ಪ್ರತಿ ಮಾತಿಗೂ ಅವಳ ತಲೆ ಎಡವುತ್ತಿತ್ತು. ಪಟ್ಟಿ ಕಟ್ಟಿಕೊಂಡಿರದಿದ್ದರೂ ಅವರು ಬಾಯಿ ತೆರೆದರೆ ಪಡಸಾಲೆಯ ಗೋಡೆಯ ತುಂಬ ಕೆಂಪು ಚುಕ್ಕೆ ಬಿದ್ದಂತೆ ಅವಳಿಗೆ ಕಾಣುತ್ತಿತ್ತು. ಅವರು ಮಾತು ಕಡಿಮೆ ಮಾಡಿದರು. ಅವಳು ದೇವರಿಗೆ ಕೈಮುಗಿದು ಅಂದುಕೊಂಡಳು: ಇವರ ರೋಗ ಏರುತ್ತಿದೆ, ನನ್ನ ಕೆಲಸ ಸರಿಹೋದ ಹೊತ್ತಿಗೇ ಇವರಿಗೆ ಹೀಗಾಗಬೇಕೇ?

ಒಂದು ರವಿವಾರ ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅವರು ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು.

“ಬೀಗರು ಬಂದಾರ.”

“ಯಾವ ಬೀಗರ್ರೀ?” ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲು ತೆಗೆದು ನೋಡಿದಳು. ಬೀದಿಯಲ್ಲಿ ಒಂದು ನಾಯಿ ಮಲಗಿತ್ತು. “ಯಾರೂ ಇಲ್ಲ. ಕೂಡ್ರಿ, ರೊಟ್ಟಿ ಆತು.”

“ಬೀಗರು. ಭಾಳ ಬೀಗರು.” ಅವರು ತಲೆ ಹಿಡಿದುಕೊಂಡರು.

“ಭಾಳ ಮಂದಿ ಬಂದ್ರ ಭಾಳ ರೊಟ್ಟಿ ಬಡೀತೀನಿ, ಆತಿಲ್ಲ?” ಎಂದು ಅವಳು ರೇಗಿದಳು. ರೇಗಿದ್ದಕ್ಕೆ ತನಗೇ ಕೆಡುಕೆನಿಸಿತು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ನೋಡುವಷ್ಟರಲ್ಲಿ ಅವರು ಗೋಡೆಗುಂಟ ಜಾರಿ ನೆಲಕ್ಕೆ ಕೂತಿದ್ದರು. ಬಾಯಿ ವಾರೆಯಾಗಿತ್ತು.

ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ನೋಡಿ, ಸೂಜಿ ಹಾಕಿ, ಹೊರಗೆ ಬಂದಾಗ ಫಕೀರವ್ವ ನೀಲಗಂಗಾಳ ಕೈ ಹಿಡಿದು ಕೂತಿದ್ದಳು.

“ಹೆದರಬ್ಯಾಡ್ರಿ, ಸಮಯಕ್ಕ ಬಂದೀರಿ. ಇನ್ನೊಂಚೂರು ತಡಾ ಆಗಿದ್ರ ಕಷ್ಟ ಇತ್ತು,” ಎಂದರು ಡಾಕ್ಟರು. “ತಲಿನೋವು ಸುರು ಆದಕೂಡ್ಲೆ ಯಾಕ ತರಲಿಲ್ಲ?”

“ತಲಿನೋವು ಅಂತ ಹೇಳಲಿಲ್ರೀ. ಬೀಗರು ಬಂದಾರ ಅಂದ್ರು. ಇತ್ತೀಚೆಗೆ ಮಾತು ಪೂರಾ ಕೆಟ್ಟೈತ್ರಿ. ಒಂದೂ ತಿಳಿಯೂದಿಲ್ಲ.”

ಡಾಕ್ಟರು ಅವಳನ್ನು ವಿಚಿತ್ರವಾಗಿ ನೋಡಿದರು. “ಮಾತು ಮೊದಲು ಹೆಂಗ ಇತ್ತೋ ಹಂಗs ಐತಿ. ಬೀಗರು ಅಂದ್ರ ತಲಿನೋವು ಅಂತ ನನಗ ಹೇಳಿಕೊಟ್ಟವರು ನೀವs ಅಲ್ರಿ?”

“ನಾನs?”

“ಹೋದ ಸಲ ತಪಾಸಣಿಗೆ ಬಂದಾಗ ಅವರು ಅಂದದ್ದನ್ನೆಲ್ಲ ನೀವು ಪಟಪಟ ಹೇಳಿದ್ರಿ. ನಮ್ಮ ನರ್ಸ್ ಬಾಯಾರು ‘ಇವರಿಗೆ ಹೆಂಗ ತಿಳೀತೈತಿ’ ಅಂತ ಬಾಯಿ ಮ್ಯಾಲೆ ಬಟ್ಟಿಟ್ಟುಕೊಂಡು ನಿಂತಿದ್ರು.”

ನೀಲಗಂಗಾಳಿಗೆ ಆ ದಿನ ನೆನಪಿತ್ತು, ನರ್ಸ್ ನೆನಪಿದ್ದಳು. ನೆನಪಿನಲ್ಲಿ ಗಂಡ ‘ತಲೆನೋವು’ ಎಂದೇ ಅಂದಿದ್ದರು. ಈಗ ಯಾವುದನ್ನು ನಂಬುವುದು? ಫಕೀರವ್ವನ ಮುಖ ನೋಡಿದಳು. ಫಕೀರವ್ವ ಮೆಲ್ಲಗೆ ಹೇಳಿದಳು: “ಅವರು ಮೊದಲಿಂದಾನೂ ಹಂಗs ಅಂತಿದ್ರು ಯಕ್ಕಾ. ನಿನಗs ಈಗ ಏನೋ ಆಗೇತಿ.”

ಕೆಲವು ದಿನಗಳ ಮೇಲೆ ಗಂಡನನ್ನು ಮನೆಗೆ ಕರೆತಂದು, ಅವಳು ಪ್ರಯೋಗಶಾಲೆಯ ಮೆಟ್ಟಿಲು ಹತ್ತಿದಾಗ ತಬಸ್ಸುಮ್ ತಿಂಡಿಯ ಡಬ್ಬಿ ತೆರೆಯುತ್ತಿದ್ದಳು. ನೀಲಗಂಗಾ ಎಲ್ಲ ಹೇಳಿದಳು. ತಬಸ್ಸುಮ್ ಡಬ್ಬಿ ಮುಚ್ಚಿಟ್ಟು, ಹಳೆಯ ಅಲೆಗಳನ್ನು ಮತ್ತೆ ತೆರೆದು, ಆ ಮೆತ್ತಗಿನ ಗುಡ್ಡವನ್ನು ಬಹಳ ಹೊತ್ತು ನೋಡಿದಳು.

“ಇದು ಸವದದ್ದಲ್ಲಕ್ಕ,” ಎಂದಳು ಕೊನೆಗೆ. “ಇದು ಕೆಲಸ ಮಾಡೂ ಅಲಿ. ತಪ್ಪು ಕಂಡಲ್ಲೆ ನಿನ್ನ ತಲಿ ಎಡವೂದು ಬಿಟ್ಟು, ಅಲ್ಲೇ ತುಂಬಿಕೊಂಡು ಮುಂದ ಹೊಂಟಿತ್ತು. ಮನ್ಯಾಗ ಅದs ಬೇಕಾಗಿತ್ತು. ಇಲ್ಲೂ ಅದs ಮಾಡಿತು, ಅಕ್ಕಿ ಇಲ್ಲದಲ್ಲೆ ಅಕ್ಕಿ ಹಾಕಿತು. ನಾ ಜಂಗು ಹಿಡದೈತಿ ಅಂತ ತಿಳದು ಅದನ್ನ ತಿಕ್ಕಿ ತಗದೆ.” ಅವಳ ಕಣ್ಣು ತುಂಬಿದವು. “ಮನ್ಯಾಗ ಹೆಂಗ ಅದಾರ ಅಂತ ಒಂದು ಮಾತು ಕೇಳಿದ್ದರ ಆಗತಿತ್ತು. ಕೇಳಲಿಲ್ಲ.”

“ಆತು, ತಿರಗಿ ಹಾಕು.”

“ಹಾಕಾಕ ಬರೂದಿಲ್ಲಕ್ಕ. ಸಾಣಿ ಹಿಡಿಯೂ ಯಂತ್ರ ಐತಿ, ಮೊಂಡ ಮಾಡೂ ಯಂತ್ರ ಯಾರೂ ಮಾಡಿಲ್ಲ. ನೀನs ಮತ್ತ ಕಲೀಬೇಕು.”

“ಮೊದಲು ಹೆಂಗ ಕಲಿತೆ ಅನ್ನೂದs ನನಗ ಗೊತ್ತಿಲ್ಲಲ್ಲವಾ! ಕಲಿತಿದ್ದೆ ಅನ್ನೂದೂ ಗೊತ್ತಿರಲಿಲ್ಲ.”

ತಬಸ್ಸುಮ್ ಪರದೆ ಆರಿಸಿದಳು. “ಇನ್ನೊಂದು ಹೇಳತೀನಿ,” ಎಂದಳು. “ಮತ್ತ ಕಲಿತರ ಇಲ್ಲಿ ಚುಕ್ಕಿ ಬೀಳೂದು ನಿಲ್ಲಬಹುದು. ಎರಡೂ ಒಂದs ತಲ್ಯಾಗ ಇರ್ತಾವೋ ಇಲ್ಲೋ, ನನಗ ಗೊತ್ತಿಲ್ಲ.”

ಅಂದು ಸಂಜೆ ನೀಲಗಂಗಾ ಸುಬೇದಾರರ ಕರಡನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ತಂದಳು, ಅವರು ಕೈಯಲ್ಲಿ ಬರೆದಿದ್ದ ಮೂಲಪ್ರತಿಯನ್ನೂ ತಂದಳು. ಯಾಕೆ ತಂದೆ ಎಂದು ಅವಳಿಗೇ ಸ್ಪಷ್ಟವಿರಲಿಲ್ಲ. ಪಟ್ಟಿ ಬರುವ ಮುಂಚೆ ಗಂಡಹೆಂಡತಿ ಇಬ್ಬರೂ ಒಂದೇ ಮುದ್ರಣಾಲಯದಲ್ಲಿ ಕೆಲಸ ಮಾಡಿದವರು. ಅಲ್ಲಿ ಕರಡು ನೋಡಲು ಇಬ್ಬರು ಬೇಕು. ಮಡಿವಾಳಪ್ಪನವರು ಮೂಲಪ್ರತಿಯನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದರು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಿಡದೆ. ಎದುರಿಗೆ ಕೂತು ಅಚ್ಚಿನ ಹಾಳೆಯ ಮೇಲೆ ಬೆರಳಾಡಿಸುತ್ತಿದ್ದವಳು ಅವಳು. ಪ್ರೀತಿ ಹುಟ್ಟಿದ್ದೂ ಆ ಮೇಜಿನ ಮೇಲೇ. ಕಾಗದ ಬರೆಯಲು ಧೈರ್ಯ ಸಾಲದ ಮಡಿವಾಳಪ್ಪನವರು ಒಂದು ದಿನ ಯಾರದೋ ವ್ಯಾಕರಣ ಪುಸ್ತಕದ ನಡುವೆ, ಅಲ್ಲಿಲ್ಲದ ಒಂದು ಸಾಲನ್ನು ಓದಿಬಿಟ್ಟಿದ್ದರು: “ನೀಲಗಂಗಾ ಅವರು ಒಪ್ಪಿದರೆ ನಮ್ಮವ್ವನ್ನ ಕಳಸ್ತೀನಿ, ಪ್ರಶ್ನಾರ್ಥಕ.” ಅವಳು ಹಾಳೆಯಿಂದ ತಲೆಯೆತ್ತದೆ, “ಮೂಲದಾಗ ಹಂಗs ಇದ್ರ ಇರಲಿ, ಪೂರ್ಣವಿರಾಮ,” ಎಂದಿದ್ದಳು.

ಆಸ್ಪತ್ರೆಯಿಂದ ಬಂದ ಮೇಲೆ ಅವರು ಮಾತು ನಿಲ್ಲಿಸಿಯೇ ಬಿಟ್ಟಿದ್ದರು. ಅವಳು ಮೂಲಪ್ರತಿಯನ್ನು ಅವರ ತೊಡೆಯ ಮೇಲಿಟ್ಟಳು.

“ಓದ್ರಿ.”

ಅವರು ತಲೆ ಅಲ್ಲಾಡಿಸಿದರು.

“ತಪ್ಪಾದ್ರ ಆಗಲಿ. ನನ್ನ ಕೈಯಾಗ ಹಾಳಿ ಐತಿ.”

ಅವರು ಮೊದಲ ಸಾಲಿಗೆ ಬೆರಳಿಟ್ಟರು. ಗಂಟಲು ಸರಿಮಾಡಿಕೊಂಡು ಶುರುಮಾಡಿದರು. “ಬೆಳಗಿನ ಚಳಿಯಲ್ಲಿ, ಅಲ್ಪವಿರಾಮ, ಛತ್ರಿ ಕುಡಿದು ಹೊರಟೆವು, ಪೂರ್ಣವಿರಾಮ.”

ನೀಲಗಂಗಾಳ ಬೆರಳು ಅಚ್ಚಿನ ಹಾಳೆಯ ಮೇಲಿತ್ತು. ಬೆರಳಿನ ಕೆಳಗೆ ‘ಚಹಾ’ ಇತ್ತು. ಕಿವಿಯಲ್ಲಿ ಛತ್ರಿ, ಕಣ್ಣಲ್ಲಿ ಚಹಾ. ತಲೆ ಎಡವಿತು. ಅವಳು ಬೆರಳನ್ನು ಅಲ್ಲೇ ಒತ್ತಿ ಹಿಡಿದಳು.

“ಮುಂದ?”

“ಎತ್ತರದ ಗಾಳಿಗೆ ಎಲ್ಲರಿಗೂ ಬೀಗರು, ಪೂರ್ಣವಿರಾಮ.”

ಬೆರಳಿನ ಕೆಳಗೆ ‘ತಲೆನೋವು’.

ಇಷ್ಟು ದಿನ ಅವರ ಮಾತಿಗೆ ಅರ್ಥ ಎಲ್ಲಿದೆ ಎಂದು ಅವರ ಮುಖದಲ್ಲಿ ಹುಡುಕುತ್ತಿದ್ದಳು. ಅದು ಇಲ್ಲಿ, ಹಾಳೆಯ ಮೇಲೆ ಸಾಲಾಗಿ ಅಚ್ಚಾಗಿ ಕೂತಿತ್ತು. ಅವರು ಓದುತ್ತ ಹೋದರು, ಅವಳು ಬೆರಳಾಡಿಸುತ್ತ ಹೋದಳು. ವಿರಾಮಚಿಹ್ನೆ ಒಂದೂ ತಪ್ಪಲಿಲ್ಲ. ಅವು ಹೇಗೋ ಆ ಲಕ್ವದಿಂದ ತಪ್ಪಿಸಿಕೊಂಡು ಉಳಿದಿದ್ದವು. ಪಲ್ಯ ಕೊಡಲು ಬಂದ ಫಕೀರವ್ವ ಬಾಗಿಲಲ್ಲೇ ನಿಂತು, “ಇಬ್ಬರಿಗೂ ಹುಚ್ಚು ಹಿಡದೈತೇನ?” ಎಂದು ಕೇಳಿ, ಪಲ್ಯ ಇಟ್ಟು ಹೋದಳು.

ದಿನಾ ಸಂಜೆ ಇದೇ ನಡೆಯಿತು. ಸುಬೇದಾರರ ಪುಸ್ತಕ ಮುಗಿಯುವ ಹೊತ್ತಿಗೆ ಮಡಿವಾಳಪ್ಪನವರು ಪುಟಗಳ ನಡುವೆ ತಾವಾಗಿಯೇ ಮಾತಾಡತೊಡಗಿದ್ದರು. ಕಚೇರಿಯಲ್ಲಿ ಚುಕ್ಕೆಗಳು ಮೊದಲು ತೆಳುವಾದವು, ಆಮೇಲೆ ವಿರಳವಾದವು. ದೇಸಾಯರು ಕರೆಸಿದರು.

“ಬಾಯಾರ, ಮತ್ತ ಸಾಣಿಗೆ ಕೂಡ್ರಿ. ಮುಂದಿನ ವಾರನs ಮಾಡಿಸೋಣ. ನಿಮ್ಮ ಹೆಸರಿನ ಮ್ಯಾಲೆ ಮಂದಿ ಕಾಯ್ಲಿಕ್ಕೆ ಹತ್ಯಾರ.”

ನೀಲಗಂಗಾ ಪಟ್ಟಿಯನ್ನು ಸೆರಗಿನಿಂದ ಒರೆಸಿ ಅವರ ಮೇಜಿನ ಮೇಲಿಟ್ಟಳು. ಬಹಳ ವರ್ಷ ಹಣೆಗೆ ಕಟ್ಟಿದ ವಸ್ತು. “ಕೂಡೂದಿಲ್ರೀ. ಇಬ್ಬರು ಕೂತು ನೋಡೂ ಹಳೇ ಪದ್ಧತಿ ಬೇಕು ಅಂದವರ ಪುಸ್ತಕ ಇದ್ರ ಮನಿಗೆ ಕಳಸ್ರಿ. ತಡಾ ಆಗತೈತಿ ಅಂತ ಮೊದಲs ಹೇಳ್ರಿ ಅವರಿಗೆ.”

“ಅಂಥವರು ಯಾರು ಇರತಾರ್ರಿ ಈ ಕಾಲಕ್ಕ?”

“ನಾ ಅದೀನಲ್ಲ!” ಹೊರಗಿನ ಬೆಂಚಿನಿಂದ ಸುಬೇದಾರರ ದನಿ ಬಂತು. ಅವರು ಎರಡನೇ ಅಚ್ಚಿನ ಪ್ರತಿ ಒಯ್ಯಲು ಬಂದಿದ್ದರು. “ಅಕ್ಕಿ ಬಂತು, ಸಾಹೇಬ್ರು ಉಳದ್ರು. ಅವರ ಹೆಂಡ್ತಿ ನನ್ನ ಕೂಡ ಮತ್ತ ಮಾತಾಡಾಕತ್ತಾರ. ನಂದು ಇನ್ನೊಂದು ಭಾಗ ಬರಿಯೂದೈತಿ. ನಿಮ್ಮ ಮನಿಗೇ ತರತೀನಿ.”

ಮಳೆ ಶುರುವಾಗಿದ್ದ ಒಂದು ಸಂಜೆ ನೀಲಗಂಗಾ ಪಡಸಾಲೆಯಲ್ಲಿ ಹೊಸ ಹಾಳೆಗಳನ್ನು ಜೋಡಿಸುತ್ತಿದ್ದಳು. ಮಡಿವಾಳಪ್ಪನವರು ಒಳಗಿಂದ ಎರಡು ಲೋಟ ಹಿಡಿದು, ಹೆಜ್ಜೆ ನೋಡಿ ಇಡುತ್ತ ಬಂದು, ಒಂದನ್ನು ಅವಳ ಮುಂದಿಟ್ಟರು. ಅವಳು ಹಾಳೆಯಿಂದ ತಲೆಯೆತ್ತಲಿಲ್ಲ.

“ನೀಲಾ, ಚಹಾ ಆರಾಕತ್ತೈತಿ.”

“ಹೂಂ, ಕುಡೀತೀನಿ,” ಎಂದು ಅವಳು ಲೋಟ ಎತ್ತಿ ಒಂದು ಗುಟುಕು ಕುಡಿದಳು. ಆಮೇಲೆ ಕೈ ಅರ್ಧಕ್ಕೆ ನಿಂತಿತು. ಅವರು ಈಗ ಚಹಾ ಅಂದರೋ, ಛತ್ರಿ ಅಂದರೋ?

ಕಿವಿಯಲ್ಲಿ ಇನ್ನೂ ಇದ್ದ ಆ ದನಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಗೊತ್ತಾಗಲಿಲ್ಲ. ಬೇಲಿಯಾಚೆ ಫಕೀರವ್ವ ಒಣಹಾಕಿದ ಬಟ್ಟೆ ಎಳೆದುಕೊಳ್ಳುತ್ತಿದ್ದಳು, ಅವಳಿಗೆ ಕೇಳಿಸಿರಬಹುದು. ಕೂಗಿ ಕೇಳಲೆಂದು ನೀಲಗಂಗಾ ಎದ್ದು ಬಾಗಿಲ ತನಕ ಹೋದಳು.

ಅಲ್ಲಿ ಒಂದು ಗಳಿಗೆ ನಿಂತು, ತಿರುಗಿ ಬಂದು, ಗಂಡನ ಎದುರಿಗೆ ಕೂತು, ಆರುವ ಮೊದಲು ಲೋಟ ಖಾಲಿ ಮಾಡಿದಳು.